ಶವವಾಹನಕ್ಕೊಂದು ಜಿಪಿಎಸ್

ನಮ್ಮ ಭಾವನವರಿಗೆ ದಾರಿ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಅಂತ ಯಾರೂ ಅನ್ನಬಾರದು. ಹತ್ತೊಂಬತ್ತು ವರ್ಷದಿಂದ ಶವವಾಹನ ಓಡಿಸುತ್ತಿದ್ದಾರೆ. ಅದೇ ಊರು, ಅದೇ ಮೂರು ಸ್ಮಶಾನ, ಅದೇ ನಾಲ್ಕು ಆಸ್ಪತ್ರೆ. ಕಣ್ಣಿಗೆ ಪಟ್ಟಿ ಕಟ್ಟಿದ ಕುದುರೆಯಾದರೂ ಇಷ್ಟು ಹೊತ್ತಿಗೆ ತಾನೇ ಹೋಗಿ ಗೇಟಿನ ಮುಂದೆ ನಿಲ್ಲುತ್ತಿತ್ತು. ಭಾವನವರು ಮಾತ್ರ ದಿನಾ ಬೆಳಿಗ್ಗೆ ಶೆಡ್ಡಿನಿಂದ ಗಾಡಿ ಹೊರಗೆ ತಂದು, ಈ ಊರಿಗೆ ನೆನ್ನೆ ಬಂದಿಳಿದವರ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾರೆ.

ನಾನು ಅವರ ಹೆಂಡತಿಯ ತಮ್ಮ. ಹನ್ನೊಂದು ವರ್ಷದಿಂದ ಅದೇ ಗಾಡಿಯಲ್ಲಿ ಅವರ ಪಕ್ಕದ ಸೀಟು ನನ್ನದು. ಶವಪೆಟ್ಟಿಗೆ ಹೊರುವುದು, ಹೂವಿನ ಚಕ್ರ ಜೋಡಿಸುವುದು, ಬಾಗಿಲು ತೆಗೆಯುವುದು, ಹಾಕುವುದು, ಮತ್ತು ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡಿರುವುದು ನನ್ನ ಕೆಲಸ. ಕೊನೆಯದನ್ನು ಮಾಲೀಕ ಹೇಳಿದ್ದಲ್ಲ, ಭಾವ ಹೇಳಿದ್ದು. ಸೇರಿದ ಮೊದಲ ವಾರ, "ಭಾವ, ಈ ಕಡೆ ಹೋದ್ರೆ ಹತ್ತಿರ" ಅಂದಿದ್ದೆ. ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿದರು. ಹಿಂದೆ ಹನ್ನೆರಡು ಕಾರು ನಿಂತವು.

"ಸ್ಟೇರಿಂಗ್ ಯಾರ ಕೈಲಿದೆ?"

"ನಿಮ್ಮ ಕೈಲಿ."

"ಹಂಗಾದ್ರೆ ನಿನ್ನ ಬಾಯಿ ನಿನ್ನ ಹಿಡಿತದಲ್ಲಿರ್ಲಿ."

ಆವತ್ತಿನಿಂದ ಹಿಡಿದುಕೊಂಡಿದ್ದೇನೆ. ಇಲ್ಲಿಗೆ ಬರುವ ಮುಂಚೆ ಎಂಟು ವರ್ಷ ನಾನು ಇದೇ ಊರಿನ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ಹಾಕಿದವನು. ಯಾವ ಸಂದಿ ಎಲ್ಲಿ ಹೊಕ್ಕು ಎಲ್ಲಿ ಹೊರಡುತ್ತದೆ, ಯಾವ ಗಲ್ಲಿಯಲ್ಲಿ ಯಾವ ನಾಯಿ ಕಚ್ಚುತ್ತದೆ, ಎಲ್ಲ ಗೊತ್ತು. ಆದರೆ ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆಯೇ ಇದೆಯಲ್ಲ. ಅದರಲ್ಲೂ ಹೆಂಡತಿ ಕಡೆಯ ಹಿತ್ತಲು ಅಂದಮೇಲೆ ಕೇಳಬೇಕೇ.

ದಾರಿ ಗೊತ್ತಿಲ್ಲದವರು ಇಷ್ಟು ವರ್ಷ ಹೇಗೆ ದಕ್ಕಿಸಿಕೊಂಡರು ಅಂತ ನೀವು ಕೇಳಬಹುದು. ಕಸುಬಿನ ಮಹಿಮೆ. ಆಟೋದವನು ದಾರಿ ತಪ್ಪಿದರೆ ಹಿಂದಿನ ಸೀಟಿನವರು ಬಾಯಿ ಬಡಿದುಕೊಳ್ಳುತ್ತಾರೆ. ಶವವಾಹನದಲ್ಲಿ ಹಿಂದೆ ಮಲಗಿದವರು ಏನೂ ಅನ್ನುವುದಿಲ್ಲ. ಅವರ ಹಿಂದೆ ಕಾರುಗಳಲ್ಲಿ ಬರುವವರೂ ಅನ್ನುವುದಿಲ್ಲ. ಹಾರ್ನ್ ಮಾಡಲು ನಾಚಿಕೆ, ಓವರ್‌ಟೇಕ್ ಮಾಡಲು ಭಯ. ಮುಂದೆ ಕರೀ ವ್ಯಾನು ಎಲ್ಲಿ ತಿರುಗಿದರೆ ಅಲ್ಲಿ ತಿರುಗುತ್ತಾರೆ. ದೊಡ್ಡ ದೊಡ್ಡ ಡಾಕ್ಟರು, ವಕೀಲರು, ಎಂಜಿನಿಯರುಗಳು ಬಾಯಿಬಿಡದೆ ಕುರಿಮಂದೆಯಂತೆ ನಮ್ಮ ಭಾವನ ಹಿಂದೆ ಬರುವುದನ್ನು ಕನ್ನಡಿಯಲ್ಲಿ ನೋಡಿ ನಾನೆಷ್ಟು ಸಲ ನಗು ನುಂಗಿದ್ದೇನೋ ಲೆಕ್ಕವಿಲ್ಲ.

ಜೊತೆಗೆ ಭಾವನಿಗೆ ಮೂರು ನಿಯಮ. ಕೆಲಸ ಕಲಿಸಿದ ಹಳೇ ಡ್ರೈವರಜ್ಜ ಹೇಳಿಕೊಟ್ಟಿದ್ದಂತೆ. ಶವ ಇರುವಾಗ ಗಾಡಿ ಹಿಂದಕ್ಕೆ ತೆಗೆಯಬಾರದು, ಇಪ್ಪತ್ತರ ಮೇಲೆ ಓಡಿಸಬಾರದು, ಇಳಿದು ಯಾರನ್ನೂ ದಾರಿ ಕೇಳಬಾರದು. ಮೊದಲೆರಡು ಆ ಅಜ್ಜನದೇ ಇರಬಹುದು. ಮೂರನೆಯದನ್ನು ಭಾವ ತಾವೇ ಸೇರಿಸಿಕೊಂಡಿದ್ದು ಅಂತ ನನ್ನ ಗುಮಾನಿ.

ಇದೆಲ್ಲ ನಡೆದಿದ್ದು ಹಳೇ ಜಿಪಿಎಸ್ ದಯದಿಂದ. ಅಂಗೈಯಗಲದ ಪರದೆ, ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲು. ನಾನು ಸೇರಿದ ವರ್ಷವೇ ಮಾಲೀಕ ತಂದುಕೊಟ್ಟಿದ್ದು. ಭಾವ ಅದರ ಧ್ವನಿ ಬಂದ್ ಮಾಡಿ, ಯಾರಿಗೂ ಕಾಣದ ಹಾಗೆ ಮೀಟರಿನ ಕೆಳಗೆ ಕೂರಿಸಿಕೊಂಡು, ಕತ್ತು ಬಗ್ಗಿಸಿ ಅದನ್ನೇ ನೋಡುತ್ತ ಓಡಿಸುತ್ತಿದ್ದರು. ನೋಡಿದವರು, "ಪಾಪ, ಡ್ರೈವರ್ ಕೂಡ ತಲೆ ತಗ್ಗಿಸಿಬಿಟ್ಟಿದಾನೆ, ಎಷ್ಟು ಗೌರವ" ಅನ್ನುತ್ತಿದ್ದರು. ಹೀಗೆ ಹೊಗಳಿಸಿಕೊಂಡ ಭಾವ ಮನೆಗೆ ಬಂದು ನಮ್ಮಕ್ಕನ ಮುಂದೆ ಎರಡು ದಿನ ಅದನ್ನೇ ಹೇಳುತ್ತಿದ್ದರು.

ಊರು ಬೆಳೆಯಿತು. ಜಿಪಿಎಸ್ ಬೆಳೆಯಲಿಲ್ಲ. ಅದರೊಳಗಿನ ನಕ್ಷೆ ಹನ್ನೊಂದು ವರ್ಷ ಹಳೆಯದು. ಕೆಡವಿದ ಸೇತುವೆ ಅದರಲ್ಲಿ ಇನ್ನೂ ನಿಂತಿತ್ತು. ಕಟ್ಟಿದ ಮೇಲ್ಸೇತುವೆ ಅದರ ಲೆಕ್ಕದಲ್ಲಿ ಆಕಾಶ. ಹೊಸ ನಕ್ಷೆ ತುಂಬಿಸಿಕೊಳ್ಳಲು ಕಂಪ್ಯೂಟರಿಗೆ ಜೋಡಿಸಬೇಕಿತ್ತು. ಜೋಡಿಸುವುದು ಹೇಗೆ ಅಂತ ಯಾರನ್ನಾದರೂ ಕೇಳಬೇಕಿತ್ತು. ಅಲ್ಲಿಗೆ ಆ ಮಾತು ಮುಗಿಯಿತು.

ಕೊನೆಗೆ ಹೆಡ್‌ಮೇಷ್ಟ್ರ ದಿನ ಬಂತು. ರಿಟೈರಾದ ದೊಡ್ಡ ಮೇಷ್ಟ್ರು, ಹಿಂದೆ ಇಪ್ಪತ್ಮೂರು ಕಾರು. ಊರಾಚೆಯ ಸ್ಮಶಾನಕ್ಕೆ ಹೋಗುವ ಹಳೇ ರಸ್ತೆಗೆ ಅಡ್ಡಲಾಗಿ ದೊಡ್ಡ ಸೂಪರ್‌ಮಾರ್ಕೆಟ್ ಎದ್ದು ಮೂರು ವರ್ಷವಾಗಿತ್ತು. ಜಿಪಿಎಸ್ ನೇರ ಹೋಗು ಅಂತು. ಭಾವ ನೇರ ಹೋದರು. ಸಾಮಾನು ಇಳಿಸುವ ಹಿಂದಿನ ಗೇಟಿನ ವಾಚ್‌ಮನ್ ಶವವಾಹನ ನೋಡಿ ಟೊಪ್ಪಿ ತೆಗೆದು, ಗೇಟು ಪೂರ್ತಿ ತೆರೆದು ಪಕ್ಕಕ್ಕೆ ನಿಂತ. ಇಪ್ಪತ್ನಾಲ್ಕು ಗಾಡಿ ಒಳಗೆ ಹೋದವು. ಸುತ್ತ ಖಾಲಿ ಹಾಲಿನ ಕ್ರೇಟು, ರಟ್ಟಿನ ಡಬ್ಬದ ರಾಶಿ, ಎದುರಿಗೆ ಗೋಡೆ.

ಎಲ್ಲರೂ ಇಳಿದು ತಲೆ ಬಗ್ಗಿಸಿ ನಿಂತರು. ಏನೋ ವ್ಯವಸ್ಥೆ ಇರಬೇಕು ಅಂದುಕೊಂಡರು, ಪಾಪ. ಮೇಷ್ಟ್ರ ಹಳೇ ಶಿಷ್ಯರೊಬ್ಬರು ಈರುಳ್ಳಿ ಮೂಟೆಯ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡು ಶುರು ಮಾಡಿಯೇಬಿಟ್ಟರು: "ನಮ್ಮ ಗುರುಗಳು ಜೀವನದಲ್ಲಿ ಒಮ್ಮೆಯೂ ದಾರಿ ತಪ್ಪಿದವರಲ್ಲ..." ನಾನು ಹೂವಿನ ಚಕ್ರದ ಹಿಂದೆ ಮುಖ ಮುಚ್ಚಿಕೊಂಡೆ. ಜನ ಅಳುತ್ತಿದ್ದಾನೆ ಅಂದುಕೊಂಡರು.

ಹಿಂದಕ್ಕೆ ತೆಗೆಯುವುದಿಲ್ಲ ಅಂತ ಭಾವ ಹಟ ಹಿಡಿದರು. ಗೋಡೌನಿನ ಮೂಲಕ ದಾರಿ ಬಿಡಿಸಿಕೊಂಡು, ಗಿರಾಕಿಗಳ ತಳ್ಳುಗಾಡಿಗಳ ನಡುವೆ, ಮುಂದಿನ ಬಾಗಿಲಿನ ಪಾರ್ಕಿಂಗಿನಿಂದ ಮೇಷ್ಟ್ರು ಹೊರಬರುವ ಹೊತ್ತಿಗೆ ಐವತ್ತು ನಿಮಿಷವಾಗಿತ್ತು.

ಸಂಜೆ ಮಾಲೀಕ ಇಬ್ಬರನ್ನೂ ಕಚೇರಿಗೆ ಕರೆದ. ನಮ್ಮ ಮಾಲೀಕನದು ವಿಶೇಷ ಪ್ರತಿಭೆ, ಪಿಸುಮಾತಿನಲ್ಲೇ ಕಿರುಚುತ್ತಾನೆ. ಹೊರಗೆ ಯಾವಾಗಲೂ ದುಃಖದ ಜನ ಕೂತಿರುತ್ತಾರಲ್ಲ, ಅಭ್ಯಾಸವಾಗಿಬಿಟ್ಟಿದೆ.

"ಸತ್ತೋರು ದೂರು ಕೊಡಲ್ಲ ಕಣಯ್ಯಾ, ಸರಿ. ಬಿಲ್ ಕೊಡೋರು ಬದುಕಿರ್ತಾರೆ, ನೆನಪಿರ್ಲಿ! ಒಂದು ಹೊಸ ಜಿಪಿಎಸ್ ನೀನೇ ನೋಡಿ ತಗೋ. ದುಡ್ಡು ನಾನು ಕೊಡ್ತೀನಿ. ಮುಂದಿನ ದೊಡ್ಡ ಮೆರವಣಿಗೇಲಿ ನಾನೇ ಹಿಂದೆ ಬರ್ತೀನಿ. ಒಂದೇ ಒಂದು ತಿರುವು ತಪ್ಪಿದ್ರೂ ಕೀಲಿ ನನ್ನ ಅಳಿಯನಿಗೆ. ಮೇಲಿನ ಮನೇನೂ ಅವನಿಗೇ."

ಮೇಲಿನ ಮನೆ ಅಂದರೆ ಶೆಡ್ಡಿನ ಮಾಳಿಗೆಯ ಎರಡು ಕೋಣೆ. ಭಾವ, ಅಕ್ಕ ಹತ್ತೊಂಬತ್ತು ವರ್ಷದಿಂದ ಇರುವುದು ಅಲ್ಲೇ. ಅಕ್ಕನ ಹೊಲಿಗೆ ಯಂತ್ರ, ಅವಳ ಗಿರಾಕಿಗಳು, ಕಿಟಕಿಯಲ್ಲಿ ಸಾಲಾಗಿಟ್ಟ ಕುಂಡಗಳು, ಎಲ್ಲ ಅಲ್ಲೇ. ಐವತ್ತಾರು ವರ್ಷದ, ದಾರಿ ಗೊತ್ತಿಲ್ಲದ ಡ್ರೈವರಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಭಾವನ ಮುಖ ಸುಣ್ಣದ ಗೋಡೆಯಾಯಿತು. ಮೆಟ್ಟಿಲು ಹತ್ತುವಾಗ ಹಳೇ ಜಿಪಿಎಸ್ಸನ್ನು ಬಾಯಿಗೆ ಬಂದಂತೆ ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೂ ಡೊಂಕಾಗಿತ್ತು, ಅದು ಬೇರೆ ಮಾತು.

ಅಕ್ಕ ಸೂಜಿಗೆ ದಾರ ಪೋಣಿಸುತ್ತ ಎಲ್ಲ ಕೇಳಿಸಿಕೊಂಡಳು. "ಹೊಸದ್ಯಾಕ್ರೀ? ಪಕ್ಕದಲ್ಲೇ ಒಂದು ಕೂತಿರುತ್ತಲ್ಲ, ಅನ್ನ ಹಾಕಿದ್ರೆ ಸಾಕು, ಚಾರ್ಜರ್ ಕೂಡ ಬೇಡ" ಅಂದಳು.

"ಇವನಾ?" ಅಂದರು ಭಾವ, ನಾನು ಅಲ್ಲೇ ಅನ್ನ ಕಲಸುತ್ತ ಕೂತಿದ್ದರೂ. "ಇವನ ಕೈಲಿ ದಾರಿ ಕೇಳ್ಕೊಂಡು ಓಡಿಸೋದಕ್ಕಿಂತ ಹಿಂದಿನ ಪೆಟ್ಟಿಗೇಲಿ ಮಲಗೋದು ವಾಸಿ."

"ಮಲಗಿ, ನಾನು ಓಡಿಸ್ತೀನಿ" ಅಂದೆ.

ಮೊದಲು ಫೋನಿನಲ್ಲೇ ನಕ್ಷೆ ಹಾಕಿಕೊಂಡು ನೋಡೋಣ ಅಂತಾಯಿತು. ಒಂದು ಸಣ್ಣ ಶವಸಂಸ್ಕಾರ, ನಾಲ್ಕೇ ಕಾರು. ತೀರಿಕೊಂಡವರ ಮಗ ನಮ್ಮ ಹಿಂದಿನ ಸೀಟಿನಲ್ಲೇ ಕೂತಿದ್ದ. ಅರ್ಧ ದಾರಿಯಲ್ಲಿ ನಕ್ಷೆ ಮಾಯವಾಗಿ ಅಕ್ಕನ ಫೋಟೋ ಬಂತು. ಭಾವ ಗಾಬರಿಯಲ್ಲಿ ಎಲ್ಲೋ ಒತ್ತಿದರು. ಅಕ್ಕನ ಕಂಚಿನ ಕಂಠ ಗಾಡಿಯ ನಾಲ್ಕೂ ಸ್ಪೀಕರಿನಲ್ಲಿ ಮೊಳಗಿತು: "ರೀ, ನಲ್ಲಿ ರಿಪೇರಿಯವನು ಬಂದು ಅರ್ಧ ಗಂಟೆ ಆಯ್ತು! ಎಷ್ಟು ಸಲ ಫೋನ್ ಮಾಡ್ಬೇಕು? ಎಲ್ರೂ ಸತ್ತು ಹೋಗಿದೀರಾ?"

ಹಿಂದಿನಿಂದ ಆ ಮಗ ಮೆಲ್ಲಗೆ, "ಇಲ್ಲ ಅನ್ನಿ" ಅಂದ. ಫೋನಿನ ಕಥೆ ಅಲ್ಲಿಗೆ ಸಮಾಪ್ತಿ.

ಮಾರನೇ ದಿನ ಅಂಗಡಿಗೆ ಹೋದೆವು. ಗಾಡಿ ಬೇರೆ ಇಲ್ಲ, ಶವವಾಹನದಲ್ಲೇ ಹೋಗಿ ಬಾಗಿಲಲ್ಲಿ ನಿಲ್ಲಿಸಿದೆವು. ಒಳಗಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕೌಂಟರಿನಲ್ಲಿ ಟೈ ಕಟ್ಟಿಕೊಂಡ ಮಾರಾಟಗಾರ. ನಮ್ಮ ಕರೀ ಕೋಟು ನೋಡಿ ಅವನೂ ಧ್ವನಿ ತಗ್ಗಿಸಿದ.

"ಇದು ನೋಡಿ ಸಾರ್, ಲೈಫ್‌ಟೈಮ್ ನಕ್ಷೆ ಫ್ರೀ."

"ಯಾರ ಲೈಫ್‌ಟೈಮು?" ಅಂತ ಕೇಳಿದರು ಭಾವ. ಈ ಕಸುಬಿನವರಿಗೆ ಅದು ಸಹಜ ಪ್ರಶ್ನೆ.

"ಯಂತ್ರದ್ದು ಸಾರ್."

"ಎಷ್ಟು ವರ್ಷ ಬದುಕುತ್ತೆ?"

"ಅದನ್ನ ಹೇಳಕ್ಕಾಗಲ್ಲ ಸಾರ್."

"ಹಂಗಾದ್ರೆ ಎಲ್ರ ಥರಾನೇ" ಅಂದು ಭಾವ ಅದನ್ನು ಬದಿಗಿಟ್ಟರು.

ಮುಂದಿನದು ಅಗ್ಗದ್ದು, ಅದಕ್ಕೆ ಗಳಿಗೆಗೊಮ್ಮೆ ಯೂ-ಟರ್ನ್ ಹೊಡೆಸುವ ಚಾಳಿ. ಅದೂ ಬೇಡವಾಯಿತು. ಇನ್ನೊಂದು ದಾರಿಯಲ್ಲಿ ಸಿಗುವ ಹೋಟೆಲು, ಪೆಟ್ರೋಲ್ ಬಂಕು, ಸಿನಿಮಾ ಮಂದಿರ ಎಲ್ಲ ತೋರಿಸುತ್ತದಂತೆ. "ನಮ್ಮ ಗಿರಾಕಿಗಳಿಗೆ ಹಸಿವಾಗಲ್ಲ" ಅಂದರು ಭಾವ. ಮತ್ತೊಂದು, ಡ್ರೈವರಿಗೆ ತೂಕಡಿಕೆ ಬಂದರೆ ಕೂಗಿ ಎಬ್ಬಿಸುತ್ತದೆ. ಕೂಗಿ ಎಬ್ಬಿಸುವ ಯಂತ್ರ ಶವವಾಹನದಲ್ಲಿ ಬೇಡ ಅಂತ ಇಬ್ಬರೂ ಒಪ್ಪಿದೆವು. ನಾವಿಬ್ಬರೂ ಒಪ್ಪಿದ ಮಾತು ಆ ವರ್ಷದಲ್ಲಿ ಅದೊಂದೇ ಇರಬೇಕು.

"ನಿಧಾನದ ದಾರಿ ತೋರಿಸೋದು ಇದೆಯಾ?" ಅಂದರು ಭಾವ.

ಮಾರಾಟಗಾರ ತಬ್ಬಿಬ್ಬಾದ. "ಬೇಗ ಹೋಗೋ ದಾರಿ ಕೇಳ್ತಾರೆ ಸಾರ್, ಹತ್ತಿರದ ದಾರಿ ಕೇಳ್ತಾರೆ. ನಿಧಾನದ್ದು ಯಾರೂ ಕೇಳಿಲ್ಲ."

ಕೊನೆಗೆ ಅವನು ಒಳಗಿನಿಂದ ದೊಡ್ಡದೊಂದು ತಂದ. ಲಾರಿಯವರದು, ಸ್ಲೇಟಿನಷ್ಟು ಪರದೆ. ಗಾಡಿಯ ಉದ್ದ, ಎತ್ತರ, ತೂಕ ಹೇಳಿಕೊಟ್ಟರೆ ಅದಕ್ಕೆ ತಕ್ಕ ರಸ್ತೆ ಹುಡುಕುತ್ತದೆ. ಯೂ-ಟರ್ನ್ ಬೇಡ ಅಂತ ಒತ್ತಿದರೆ ಜನ್ಮದಲ್ಲಿ ಹಿಂದಕ್ಕೆ ತಿರುಗು ಅನ್ನುವುದಿಲ್ಲ. ಭಾವನ ಕಣ್ಣು ಅರಳಿತು.

"ಇನ್ನೊಂದಿದೆ ಸಾರ್," ಅಂದ ಮಾರಾಟಗಾರ. "ಎಲ್ಲಿ ಟ್ರಾಫಿಕ್ ಜಾಮ್ ಆದ್ರೂ ತಾನೇ ಕಂಡುಹಿಡಿದು, ನಿಮ್ಮನ್ನ ಕೇಳದೆ ದಾರಿ ಬದಲಾಯಿಸುತ್ತೆ. ರಸ್ತೆ ಮೇಲಿನ ಕಾರುಗಳಲ್ಲಿ ಫೋನ್ ಇರುತ್ತಲ್ಲ, ಅವು ನಿಧಾನ ಆದ್ರೆ ಸಾಕು, ಜಾಮ್ ಅಂತ ಗೊತ್ತಾಗಿಬಿಡುತ್ತೆ."

ನನ್ನ ತಲೆಯಲ್ಲಿ ಆಗಲೇ ಗಂಟೆ ಬಾರಿಸಿದಂತಾಯಿತು. ನಮ್ಮ ಹಿಂದೆ ಮೂವತ್ತು ಕಾರು, ಕಾರಿಗೆ ನಾಲ್ಕು ಫೋನು, ಎಲ್ಲವೂ ಇಪ್ಪತ್ತರ ವೇಗದಲ್ಲಿ. ಇನ್ನು ಜಾಮ್ ಎಲ್ಲಿದೆ ಅಂತ ಅದು ಬೇರೆ ಹುಡುಕಬೇಕೇ? "ಭಾವ, ಅದೊಂದನ್ನ ಬಂದ್ ಮಾಡ್ಸಿ" ಅನ್ನಲು ಬಾಯಿ ತೆರೆದೆ. ಭಾವ ತಿರುಗಿಯೂ ನೋಡದೆ ಕೈ ಎತ್ತಿದರು. "ನಿನ್ನ ಅಭಿಪ್ರಾಯ ಮನೇಲಿಟ್ಟು ಬಾ ಅಂದಿದ್ನಲ್ಲ?"

ಮಾರಾಟಗಾರ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಸರಿ, ಅನುಭವಿಸಲಿ ಅಂತ ಸುಮ್ಮನಾದೆ.

ಮನೆಯಲ್ಲಿ ಊಟದ ಮೇಜಿನ ಮೇಲೆ ಅದರ ಪ್ರತಿಷ್ಠಾಪನೆ ಆಯಿತು. ಅಕ್ಕನ ಹೊಲಿಗೆಯ ಟೇಪಿನಲ್ಲಿ ಗಾಡಿ ಅಳೆದೆವು. ತೂಕ ಕೇಳಿದಾಗ, "ಶವ ಸೇರಿಸಿನೋ ಬಿಟ್ಟೋ?" ಅಂತ ಭಾವ ಕಾಲು ಗಂಟೆ ಯೋಚಿಸಿದರು. 'ಅಪಾಯಕಾರಿ ಸರಕು ಸಾಗಿಸುತ್ತೀರಾ?' ಅಂತ ಇನ್ನೊಂದು ಪ್ರಶ್ನೆ ಬಂತು.

"ಹೌದು ಅಂತ ಹಾಕಿ. ನೀವೇ ಕೂತಿರ್ತೀರಲ್ಲ" ಅಂದಳು ಅಕ್ಕ.

ನಕ್ಕೆವು. ಆದರೆ ಪಾತ್ರೆ ತೊಳೆಯುವಾಗ ಅಕ್ಕ ನನ್ನನ್ನು ಒಳಗೆ ಕರೆದಳು. "ಇದು ಸರಿಯಾಗಿ ಕೆಲಸ ಮಾಡುತ್ತೇನೋ? ಈ ಮನೆ ಬಿಟ್ರೆ ನಾವೆಲ್ಲಿಗೆ ಹೋಗೋದು ಹೇಳು" ಅಂದಳು. ಅವಳು ಹಾಗೆ ದನಿ ಇಳಿಸಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಮಾಡುತ್ತೆ ಬಿಡಕ್ಕ" ಅಂದೆ. ಆಗಲಾದರೂ ಹೇಳಬಹುದಿತ್ತು. ಅಂಗಡಿಯವನ ನಗು ಇನ್ನೂ ಕಿವಿಯಲ್ಲಿತ್ತು, ಹೇಳಲಿಲ್ಲ.

ಅದೇ ವಾರ ಸರ್ವೇಯರ್ ಸಾಹೇಬರು ತೀರಿಕೊಂಡರು. ಊರಿನ ಅರ್ಧ ರಸ್ತೆಗಳನ್ನು ಸರಪಳಿ ಹಿಡಿದು ಅಳೆದವರು, ದೊಡ್ಡ ಹೆಸರು. ಹಿಂದೆ ಮೂವತ್ತೊಂದು ಕಾರು. ಮೊದಲನೆಯದರಲ್ಲಿ ಅವರ ಹೆಂಡತಿ, ಕೊನೆಯದರಲ್ಲಿ ನಮ್ಮ ಮಾಲೀಕ, ಪಕ್ಕದಲ್ಲಿ ಅವನ ಅಳಿಯ. ಅಳಿಯ ಆಗಲೇ ಹೊಸ ಕರೀ ಕೋಟು ಹೊಲಿಸಿಕೊಂಡು ಬಂದಿದ್ದ.

ಹೊರಟ ಹತ್ತು ನಿಮಿಷ ಎಲ್ಲ ಸುಸೂತ್ರ. ಭಾವ ಎದೆಯುಬ್ಬಿಸಿ, ಇದೇ ಮೊದಲ ಸಲ ತಲೆಯೆತ್ತಿ ಓಡಿಸುತ್ತಿದ್ದರು. ಅಂಚೆ ಕಚೇರಿಯ ರಸ್ತೆಗೆ ಬಂದೆವು. ಅಲ್ಲಿಂದ ನೇರ ಹೋದರೆ ಸ್ಮಶಾನದ ಗೇಟು, ಕುರುಡನೂ ತಲುಪಬಹುದು. ಅಷ್ಟರಲ್ಲಿ ಪರದೆಯ ಮೇಲೆ ನಾವಿದ್ದ ರಸ್ತೆ ಈ ತುದಿಯಿಂದ ಆ ತುದಿಯವರೆಗೆ ಕೆಂಪಾಯಿತು. 'ಮುಂದೆ ಭಾರಿ ವಾಹನ ದಟ್ಟಣೆ. ಬೇರೆ ದಾರಿ ಹುಡುಕಲಾಗಿದೆ. ಒಂಬತ್ತು ನಿಮಿಷ ಉಳಿತಾಯ.' ಮುಂದೆ ರಸ್ತೆಯಲ್ಲಿ ಒಂದು ಸೈಕಲ್ ಕೂಡ ಇರಲಿಲ್ಲ. ಭಾವ ಖಾಲಿ ರಸ್ತೆ ನೋಡಿದರು, ಪರದೆ ನೋಡಿದರು, ಬಲಕ್ಕೆ ತಿರುಗಿಸಿದರು. ಮೂವತ್ತೊಂದು ಕಾರು ಬಲಕ್ಕೆ ತಿರುಗಿದವು.

ಆ ರಸ್ತೆಗೆ ಪೂರ್ತಿ ಇಳಿದ ಮೇಲೆ ಅದೂ ಕೆಂಪಾಯಿತು. ಮತ್ತೆ ಬಲಕ್ಕೆ ಹೋಗು ಅಂತು. ಅದು ಕೆಂಪಾದಾಗ ಇನ್ನೊಂದು ಬಲ. ತಿರುಗಿ ತಿರುಗಿ ಅಂಚೆ ಕಚೇರಿ ಮುಂದೆಯೇ ಬಂದು ನಿಂತೆವು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಿತಂತೆ. ಅಂಚೆ ಕಚೇರಿ ಪಕ್ಕ ಒಬ್ಬ ಕ್ಷೌರಿಕನ ಅಂಗಡಿ ಇದೆ. ಮೊದಲ ಸಲ ನಾವು ಹಾದಾಗ ಅವನು ಕತ್ತರಿ ಕೆಳಗಿಟ್ಟು ಎದ್ದು ನಿಂತಿದ್ದ. ಎರಡನೇ ಸಲವೂ ಎದ್ದು ನಿಂತ, ಪಾಪ, ಇವತ್ತು ಎರಡು ಸಾವು ಅಂದುಕೊಂಡಿರಬೇಕು. ಮೂರನೇ ಸಲ ಅವನ ಕುರ್ಚಿಯಲ್ಲಿದ್ದ ಗಿರಾಕಿ ಅರ್ಧ ಸೋಪು ಹಚ್ಚಿದ ಮುಖದಲ್ಲೇ ಹೊರಗೆ ಬಂದು ನೋಡಿದ.

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಮೊದಲ ಸುತ್ತಿನಲ್ಲಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹನ್ನೊಂದು ವರ್ಷದ ಬಡ್ಡಿ ಬಂದಂತಾಯಿತು. ಜೇಬಿನಲ್ಲಿ ಫೋನು ಗುರ್ ಗುರ್ ಅನ್ನುತ್ತಿತ್ತು, ಮಾಲೀಕನದೇ. ತೆಗೆಯಲಿಲ್ಲ. ಎರಡನೇ ಸುತ್ತಿನಲ್ಲೂ ಕಿಟಕಿಯಾಚೆ ನೋಡುತ್ತ ತುಟಿ ಕಚ್ಚಿಕೊಂಡು ಕೂತಿದ್ದೆ.

ಮೂರನೇ ಸುತ್ತಿನಲ್ಲಿ ನಮ್ಮ ಎದುರಿಗೆ ಒಂದು ಕಾರು ಬಂತು. ಎದುರಿಗೆ ಅಂದರೆ ಮುಂದೆ, ನಮ್ಮ ಕಡೆ ಬೆನ್ನು ಮಾಡಿಕೊಂಡು. ನೋಡಿದರೆ ಮಾಲೀಕನ ಕಾರು! ನಮ್ಮ ಮೆರವಣಿಗೆಯ ಬಾಲವನ್ನು ನಾವೇ ಹಿಡಿದಿದ್ದೆವು. ಹಿಂದಿನ ಗಾಜಿನಲ್ಲಿ ಅಳಿಯ ತಿರುಗಿ ನೋಡಿ ಬಾಯಿ ತೆರೆದ. ಭಾವನ ಕಪಾಳದ ಮೇಲೆ ಬೆವರು ಇಳಿಯುತ್ತಿತ್ತು. ಒಂದು ಕ್ಷಣ ನನ್ನ ಕಡೆ ನೋಡಿದರು. ಕೇಳಲಿಲ್ಲ, ಬರೀ ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ.

ಸುತ್ತಿ ಸುತ್ತಿ ಬೇಸತ್ತ ಕೆಲವು ಕಾರಿನವರು ಸಾಲು ಬಿಟ್ಟು ತಾವೇ ನೇರ ಸ್ಮಶಾನಕ್ಕೆ ಹೋದರು. ಕಾರು ಕಡಿಮೆಯಾದ ಮೇಲೆ ಪರದೆಯ ಕೆಂಪು ಇಳಿಯಿತು. ಆಗ ಆ ಯಂತ್ರ, ತಾನೇ ದೊಡ್ಡ ಉಪಕಾರ ಮಾಡಿದಂತೆ, 'ನೇರ ಹೋಗಿ' ಅಂತ ತೋರಿಸಿತು. ನಾವು ತಲುಪಿದಾಗ ಅರ್ಧ ಜನ ಆಗಲೇ ಬಂದು, ನೆರಳಿನಲ್ಲಿ ಕೂತು, ನಮಗೆ ಕಾಯುತ್ತಿದ್ದರು.

ಮಾಲೀಕ ಕಾರಿನಿಂದ ಇಳಿದು ನೇರ ಬಂದ. ಪಿಸುಮಾತಿಗೂ ಅವನಿಗೆ ಉಸಿರಿರಲಿಲ್ಲ. ಭಾವನ ಮುಂದೆ ಅಂಗೈ ಚಾಚಿದ. "ಕೀಲಿ." ಭಾವ ಜೇಬಿಗೆ ಕೈ ಹಾಕಿದರು. ಅಳಿಯ ಕೋಟಿನ ಗುಂಡಿ ಹಾಕಿಕೊಂಡ. ಆಗ ನನಗೆ ಅಕ್ಕನ ಕುಂಡಗಳು ಕಣ್ಣ ಮುಂದೆ ಬಂದವು.

ಅಷ್ಟರಲ್ಲಿ ಸರ್ವೇಯರ್ ಸಾಹೇಬರ ಹೆಂಡತಿ ಕೋಲೂರಿಕೊಂಡು ಅಲ್ಲಿಗೇ ಬಂದರು. ಎಪ್ಪತ್ತೈದರ ಮೇಲಿರಬೇಕು, ಕಣ್ಣು ಮಾತ್ರ ಚುರುಕು.

"ಯಾಕಪ್ಪಾ ಮೂರು ಸುತ್ತು?"

"ಅಮ್ಮಾ, ಅದು ತಾಂತ್ರಿಕ ದೋಷ, ದಯವಿಟ್ಟು..." ಅಂತ ಮಾಲೀಕ ಶುರುಮಾಡಿದ.

"ನಿಮ್ಮನ್ನ ಕೇಳಲಿಲ್ಲ."

ಭಾವ ಈಗ ರಸ್ತೆ ರಿಪೇರಿ ಅನ್ನುತ್ತಾರೆ ಅಂದುಕೊಂಡೆ. ಅಪರೂಪಕ್ಕೆ ಯಾರಾದರೂ ಕೇಳಿದರೆ ಹತ್ತೊಂಬತ್ತು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದವರು. ಕೀಲಿ ಕೈಯಲ್ಲಿ ಹಿಡಿದು ನೆಲ ನೋಡುತ್ತ, "ದಾರಿ ತಪ್ಪಿತಮ್ಮಾ" ಅಂದರು. "ನಂಗೆ ದಾರಿ ಗೊತ್ತಾಗಲ್ಲ. ಯಾವತ್ತೂ ಗೊತ್ತಾಗಿಲ್ಲ."

ಮಾಲೀಕ ಕಣ್ಣು ಮುಚ್ಚಿಕೊಂಡ.

"ನಂಗೆ ಮೊದಲನೇ ಸುತ್ತಲ್ಲೇ ಗೊತ್ತಾಯ್ತು," ಅಂದರು ಆಕೆ. "ನಮ್ಮ ಯಜಮಾನ್ರು ಊರೆಲ್ಲ ಅಳೆದವರು, ಕಾರು ಹತ್ತಿದ್ರೆ ಮಾತ್ರ ದಾರಿ ತಪ್ಪೋರು. ನಲವತ್ತಾರು ವರ್ಷ ಪಕ್ಕದಲ್ಲಿ ಕೂತಿದ್ದೆ. ತಪ್ಪಿದೆ ಅಂತ ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ ಮಹಾನುಭಾವರು. ಇವನು ಹೇಳಿದ." ಮಾಲೀಕನ ಕಡೆ ತಿರುಗಿದರು. "ನನ್ನ ಸರದಿ ಬಂದಾಗಲೂ ಇವನೇ ಓಡಿಸ್ಲಿ. ಬರೆದಿಟ್ಕೊಳ್ಳಿ."

ಮುಂಗಡ ಗಿರಾಕಿ ಅಂದಮೇಲೆ ನಮ್ಮ ಮಾಲೀಕ ಎಂಥಾ ಕೋಪವನ್ನಾದರೂ ನುಂಗಬಲ್ಲ. ಚಾಚಿದ್ದ ಕೈಯಿಂದಲೇ ತಲೆ ಕೆರೆದುಕೊಂಡು, "ಆಗ್ಲಮ್ಮಾ" ಅಂದ. ಅಳಿಯ ಗುಂಡಿ ಬಿಚ್ಚಿಕೊಂಡ.

ಆಕೆ ಹೊರಟವರು ನನ್ನ ಮುಂದೆ ನಿಂತರು. "ಪಕ್ಕದ ಸೀಟು ನಿಂದೇ ಅಲ್ವಾ? ನಿಂಗೂ ದಾರಿ ಗೊತ್ತಿರಲಿಲ್ವಾ?"

"ಗೊತ್ತಿತ್ತಮ್ಮಾ."

"ಮತ್ತೆ?"

ನಾನು ಗಾಡಿಯ ಬಾಗಿಲಿನ ಹಿಡಿ ಒರೆಸತೊಡಗಿದೆ.

"ನಾನೂ ಹಿಂಗೇ ಕೂತಿರ್ತಿದ್ದೆ," ಅಂದರು. "ಒಂದು ಸಲ ಹೇಳಿ ಬೈಸ್ಕೊಂಡೆ. ಆಮೇಲೆ ಅವರು ತಪ್ಪೋದು ನೋಡ್ಕೊಂಡು ಒಳಗೊಳಗೇ ಖುಷಿ ಪಡೋದು ಕಲಿತೆ. ನಲವತ್ತಾರು ವರ್ಷ, ಅದೊಂದು ಖುಷಿ. ಇವತ್ತು ನಿಮ್ಮ ಹಿಂದೆ ಸುತ್ತುವಾಗ, ರೀ, ಇದಲ್ಲ ದಾರಿ ಅಂತ ಬಾಯಿಗೆ ಬಂತು ನೋಡು. ಕೇಳೋರೆಲ್ಲಿದಾರೆ?"

ಕೋಲೂರಿಕೊಂಡು ಹೋದರು. ನನಗೆ ತಲೆಯೆತ್ತಲು ಆಗಲಿಲ್ಲ. ಇಷ್ಟು ವರ್ಷದಲ್ಲಿ ಅಂಥ ನಾಚಿಕೆ ನನಗಾಗಿರಲಿಲ್ಲ. ಭಾವನನ್ನು ಆಡಿಕೊಂಡು ನಕ್ಕಿದ್ದೆಲ್ಲ ಒಟ್ಟಿಗೆ ನೆನಪಿಗೆ ಬಂತು.

ಪೆಟ್ಟಿಗೆ ಇಳಿಸಲು ಕರೆದರು. ಆವತ್ತು ಒಬ್ಬ ಆಳು ಕಡಿಮೆ ಇದ್ದ, ಭಾವನೇ ಮುಂದಿನ ತುದಿಗೆ ಹೆಗಲು ಕೊಟ್ಟರು, ಅವರ ಬೆನ್ನಿಗೆ ನಾನು. ಸಮಾಧಿಗಳ ನಡುವಿನ ಕಾಲುದಾರಿ ಎರಡಾಗಿ ಕವಲೊಡೆಯುವಲ್ಲಿ ಭಾವ ಒಂದು ಗಳಿಗೆ ತಡೆದು, ಎಡಕ್ಕೆ ಹೆಜ್ಜೆ ಇಟ್ಟರು. ತೋಡಿದ ಗುಂಡಿ ಇದ್ದದ್ದು ಬಲಕ್ಕೆ. ಹಿಂದೆ ಇನ್ನೂರು ಜನ ಎಡಕ್ಕೆ ತಿರುಗಿದರು.

"ಭಾವ," ಅಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಆ ಕಡೆ ಅಲ್ಲ. ಬಲಕ್ಕೆ."

ಭಾವ ನಿಂತರು. ಹೆಗಲ ಮೇಲಿನ ಭಾರಕ್ಕೆ ತಿರುಗಿ ನೋಡಲು ಆಗುವಂತಿರಲಿಲ್ಲ. ಬೈಯುತ್ತಾರೆ ಅಂತ ಕಾದೆ. ಕತ್ತಿನ ಹಿಂದಿನ ನರ ಒಮ್ಮೆ ಬಿಗಿಯಾಗಿ ಸಡಿಲವಾಯಿತು. ಬಲಗಾಲು ಬಲದ ದಾರಿಗೆ ಇಟ್ಟರು.

"ಎಷ್ಟು ದೂರನೋ?" ಅಂದರು.

"ನಡೀರಿ ಭಾವ," ಅಂದೆ. "ಹೇಳ್ತಾ ಇರ್ತೀನಿ."